ಹೋಗದೆ ಉಳಿದದ್ದು: ಬಾಯಿ, ದವಡೆಯ ಕಾಯಿಲೆ ಗೊತ್ತಾಗುವುದು ಹೇಗೆ

ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಕೆಳದವಡೆಯ ಹಲ್ಲೊಂದು ಅಲ್ಲಾಡಲು ಶುರುವಾಗಿದ್ದು ಅಡಿಕೆ ಕೊಯ್ಲಿನ ಹೊತ್ತಿನಲ್ಲಿ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬಂದಿದ್ದಾನೆ, ಸುಲಿಯಲು ಜನ ಸಿಗುತ್ತಿಲ್ಲ, ಆ ಗಡಿಬಿಡಿಯಲ್ಲಿ ಒಂದು ಹಲ್ಲಿನ ಮಾತು ಯಾರು ಕೇಳುತ್ತಾರೆ? ಒಂದು ದಿನ ಶಿರಸಿ ಪೇಟೆಗೆ ಹೋದವರು ಯಾವುದೋ ಕ್ಲಿನಿಕ್ಕಿಗೆ ಹೊಕ್ಕು ಕೀಳಿಸಿಕೊಂಡೇ ಬಂದರು. ಹತ್ತು ನಿಮಿಷದ ಕೆಲಸ. ಎಕ್ಸ್‌ರೇ ತೆಗೆಯಲಿಲ್ಲ, ಕೆನ್ನೆ ಎಳೆದು ಒಳಗೆ ನೋಡಲೂ ಇಲ್ಲ. ಹಲ್ಲು ಕಿತ್ತ ಗುಳಿ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮೇಲಿಂದ ಮುಚ್ಚಿಕೊಳ್ಳುತ್ತದೆ. ಇವರದ್ದು ಒಂದೂವರೆ ತಿಂಗಳಾದರೂ ಮುಚ್ಚಲಿಲ್ಲ. ಮುಚ್ಚುವುದಿರಲಿ, ಒಳಗಿಂದ ಕೆಂಪು ಮಾಂಸ ಹೂಕೋಸಿನ ಹಾಗೆ ಉಬ್ಬಿ ಬಂತು. ಮನೆಯಲ್ಲಿ ಒಬ್ಬರು 'ಉಷ್ಣ' ಅಂದರು, ಇನ್ನೊಬ್ಬರು ಬಿ ಕಾಂಪ್ಲೆಕ್ಸ್ ತಂದುಕೊಟ್ಟರು, ಅಜ್ಜಿ ಪೇರಲೆ ಚಿಗುರು ಅಗಿಯಲು ಹೇಳಿದಳು. ಮುರುಗಲು ನೀರು, ಒಂದೆಲಗದ ತಂಬುಳಿ ಎಲ್ಲಾ ಆಯಿತು.

ಅದು ಕ್ಯಾನ್ಸರ್ ಆಗಿತ್ತು. ಹಲ್ಲು ಸಡಿಲವಾಗಿದ್ದೇ ಅದರಿಂದ.

ನಾನು ಡಾಕ್ಟರ್ ಅಲ್ಲ. ಆದರೆ ಅದಾದ ಮೇಲೆ ಸುಮಾರು ಎಂಟು ತಿಂಗಳು ಶಿರಸಿ, ಹುಬ್ಬಳ್ಳಿ ಅಂತ ಬಸ್ಸಿನಲ್ಲಿ ಓಡಾಡಿ, ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು, ಸಿಕ್ಕ ಡಾಕ್ಟರುಗಳನ್ನೆಲ್ಲ 'ಈ ಟೆಸ್ಟ್ ಎಂತಕ್ಕೆ?' ಅಂತ ಕೇಳಿ ಕೇಳಿ, ಮನೆಗೆ ಬಂದು ಓದಿ ಒಂದಿಷ್ಟು ತಿಳಿದುಕೊಂಡೆ. ಬಾಯಿಯ ಕಾಯಿಲೆ ಪತ್ತೆ ಮಾಡುವುದು ಅಂದರೆ ದೊಡ್ಡ ಮಷೀನಿನ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಮೊದಲು ಬೇಕಾದದ್ದು ಟಾರ್ಚು, ಬೆರಳು ಮತ್ತು ಕ್ಯಾಲೆಂಡರ್. ಅದರಲ್ಲೂ ಕ್ಯಾಲೆಂಡರ್ ಮುಖ್ಯ. ಬಾಯಿಯಲ್ಲಿ ಬಂದು ಹೋಗುವುದು ನೂರಾರು ಇರುತ್ತವೆ. ಬಂದು ಹೋಗದೆ ಉಳಿದದ್ದನ್ನು ಹಿಡಿಯಬೇಕು, ಅಷ್ಟೇ.

ಇದಕ್ಕೆ ಕಾರಣ ಇದೆ. ಬಾಯಿಯ ಒಳಗಿನ ತೆಳು ಚರ್ಮ ಮೈಯ ಚರ್ಮಕ್ಕಿಂತ ಬೇಗ ಹೊಸದಾಗುತ್ತದೆ, ಹೆಚ್ಚುಕಮ್ಮಿ ಎರಡು ವಾರದಲ್ಲಿ. ಬಿಸಿ ಚಹಾ ಕುಡಿದು ಸುಟ್ಟುಕೊಂಡರೆ, ಊಟದ ಗಡಿಬಿಡಿಯಲ್ಲಿ ಕೆನ್ನೆ ಕಚ್ಚಿಕೊಂಡರೆ ಅದು ಅಷ್ಟರೊಳಗೆ ವಾಸಿಯಾಗಲೇಬೇಕು. ಆಗಲಿಲ್ಲ ಅಂದರೆ ಏನೋ ಅದನ್ನು ತಡೆಯುತ್ತಿದೆ. ಚೂಪಾದ ಮುರುಕು ಹಲ್ಲು ದಿನಾ ಅಲ್ಲೇ ತಾಗುತ್ತಿರಬಹುದು, ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತುತ್ತಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ಅಪರೂಪಕ್ಕೆ ಕ್ಷಯ ಕೂಡ ಇರಬಹುದು. ಅಥವಾ ಜೀವಕೋಶಗಳೇ ದಾರಿ ತಪ್ಪಿರಬಹುದು. ಡಾಕ್ಟರು ಮೊದಲು ಆ ಮುರುಕು ಹಲ್ಲನ್ನು ಉಜ್ಜಿ ನಯ ಮಾಡಿ 'ಎರಡು ವಾರ ಬಿಟ್ಟು ಬನ್ನಿ' ಅನ್ನುತ್ತಾರೆ. ಇದು ಸುಮ್ನೆ ಸಾಗಹಾಕುವುದಲ್ಲ, ಇದೂ ಒಂದು ಟೆಸ್ಟೇ. ಎರಡು ವಾರ ಬಿಟ್ಟು ನಾವು ಮತ್ತೆ ಹೋಗಿ ತೋರಿಸದೇ ಇದ್ದರೆ ಮಾತ್ರ ಆ ಟೆಸ್ಟ್ ಫೇಲು.

ಮಾಮೂಲಿ ಬಾಯಿಹುಣ್ಣು ಎಲ್ಲರಿಗೂ ಗೊತ್ತು. ಸಾಸಿವೆಯಿಂದ ಹಿಡಿದು ಉದ್ದಿನ ಕಾಳಿನಷ್ಟು ದೊಡ್ಡದು, ನಡುವೆ ಹಳದಿ, ಸುತ್ತ ಕೆಂಪು ಗೆರೆ, ಮತ್ತೆ ಜೀವ ಹೋಗುವಷ್ಟು ಉರಿ. ಅದು ಒಂದು ವಾರ, ಹೆಚ್ಚೆಂದರೆ ಎರಡು ವಾರ ಇರುತ್ತದೆ. ಕೆಟ್ಟ ಹುಣ್ಣಿನದು ಉಲ್ಟಾ. ಶುರುವಿನಲ್ಲಿ ಬಹಳ ಸಲ ನೋವೇ ಇರುವುದಿಲ್ಲ. ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ನೋವು ಇದ್ದರೆ ಓಡುತ್ತೇವೆ, ಇಲ್ಲದಿದ್ದರೆ ಕೊಯ್ಲು ಮುಗಿಯಲಿ ಅನ್ನುತ್ತೇವೆ. ಇನ್ನೊಂದು ವ್ಯತ್ಯಾಸ ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಮಾಮೂಲಿ ಹುಣ್ಣಿನ ಸುತ್ತ ಒತ್ತಿದರೆ ಮೆತ್ತಗಿರುತ್ತದೆ. ಕೆಟ್ಟದ್ದರ ಅಂಚು ಎದ್ದು ಹೊರಗೆ ಮಗುಚಿಕೊಂಡು ಗಟ್ಟಿಯಾಗಿರುತ್ತದೆ, ಮೆತ್ತನೆ ಕೆನ್ನೆಯೊಳಗೆ ಒಂದು ಅಡಿಕೆ ಹೋಳು ಸಿಕ್ಕಿದ ಹಾಗೆ. ಹುಬ್ಬಳ್ಳಿಯಲ್ಲಿ ನೋಡಿದ ಡಾಕ್ಟರು ಅಪ್ಪಚ್ಚಿಯ ಬಾಯಿಗೆ ಬೆರಳು ಹಾಕಿ ಎರಡು ಸೆಕೆಂಡು ಒತ್ತಿದರು, ಅವರ ಮುಖ ಬದಲಾಯಿತು. ರಿಪೋರ್ಟ್ ಬಂದದ್ದು ಹತ್ತು ದಿನದ ಮೇಲೆ, ಆದರೆ ನನಗೆ ಆವತ್ತೇ ಗೊತ್ತಾಗಿತ್ತು.

ಬಾಯಿ ಸರಿಯಾಗಿ ನೋಡುವುದು ಹೇಗೆ ಅಂತ ಅವತ್ತು ಕಂಡೆ. ಮೊದಲು ಹೊರಗಿನಿಂದ ಮುಖದ ಎರಡೂ ಬದಿ ಒಂದೇ ಥರ ಇದೆಯಾ ಅಂತ ನೋಡಿದರು. ಹಿಂದೆ ನಿಂತು ಕುತ್ತಿಗೆಯನ್ನು, ದವಡೆಯ ಕೆಳಗೆ, ಕಿವಿಯ ಹಿಂದೆ, ಬೆರಳಿನ ತುದಿಯಿಂದ ಒತ್ತುತ್ತಾ ಬಂದರು. ಆಮೇಲೆ ತುಟಿ ಮಗುಚಿ, ಎರಡೂ ಕೆನ್ನೆ ಎಳೆದು, ಒಸಡು ಮತ್ತು ಕೆನ್ನೆ ಸೇರುವ ಸಂದು, ಕೊನೆಯ ಹಲ್ಲಿನ ಹಿಂದೆ, ಅಂಗುಳ. ಕೊನೆಗೆ ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದು ಬದಿ ನೋಡಿದರು, ನಾಲಿಗೆ ಮೇಲೆತ್ತಿಸಿ ಅಡಿ ನೋಡಿದರು. ನಾಲಿಗೆಯ ಬದಿ ಮತ್ತು ಅಡಿ, ಇವೆರಡೂ ನಾವು ಕನ್ನಡಿಯಲ್ಲಿ ಯಾವತ್ತೂ ನೋಡದ ಜಾಗ. ನಮ್ಮ ದೇಶದಲ್ಲಿ ಮಾತ್ರ ಜಾಸ್ತಿ ಕ್ಯಾನ್ಸರ್ ಕಾಣುವುದು ಕೆನ್ನೆಯೊಳಗೆ ಮತ್ತು ಆ ಒಸಡಿನ ಸಂದಿನಲ್ಲಿ. ಯಾಕೆ ಅಂತ ಬೇರೆ ಹೇಳಬೇಕಾ? ಕವಳ, ಅಂದರೆ ಎಲೆ ಅಡಿಕೆ, ಒತ್ತರಿಸಿ ಇಡುವ ಜಾಗ ಅದೇ ಅಲ್ವಾ.

ಬಿಳಿ ಕಲೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಾಯಿಯಲ್ಲಿ ಬಿಳಿ ಕಂಡರೆ ಡಾಕ್ಟರು ಮೊದಲು ಅದನ್ನು ಒರೆಸಿ ನೋಡುತ್ತಾರೆ. ಹಾಲಿನ ಕೆನೆಯ ಹಾಗೆ ಒರೆಸಿದರೆ ಹೋಗಿ ಅಡಿಯಲ್ಲಿ ಕೆಂಪು ಕಂಡರೆ ಅದು ಬಹುಮಟ್ಟಿಗೆ ಫಂಗಸ್. ಸಣ್ಣ ಮಕ್ಕಳಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಆಸ್ತಮಾಕ್ಕೆ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರಲ್ಲಿ ಬರುತ್ತದೆ, ಔಷಧಿಗೆ ಹೋಗುತ್ತದೆ. ಒರೆಸಿದರೂ ಹೋಗದ ಬಿಳಿ ಬೇರೆ. ಅದು ಎರಡೂ ಕೆನ್ನೆಯಲ್ಲಿ ಒಂದೇ ಥರ, ಕಸೂತಿ ದಾರ ಎಳೆದ ಹಾಗೆ ಸಣ್ಣ ಗೆರೆಗಳಾಗಿದ್ದರೆ ಲೈಕನ್ ಪ್ಲೇನಸ್ ಇರಬಹುದು. ಅದು ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಚರ್ಮದ ಮೇಲೆಯೇ ಸಿಟ್ಟಾಗುವ ಕಾಯಿಲೆ. ಯಾವುದಕ್ಕೂ ಹೊಂದದ, ಒರೆಸಿದರೆ ಹೋಗದ ಬಿಳಿ ತೇಪೆಗೆ ಲ್ಯೂಕೋಪ್ಲೇಕಿಯಾ ಅನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಮುಂದೆ ಅತ್ತ ಹೊರಳಬಹುದು. ಅದರಲ್ಲಿ ಒಂದು ಕಡೆ ಕೆಂಪು ಚುಕ್ಕೆ ಕಂಡರೆ ಚಿಂತೆ ಜಾಸ್ತಿ. ಪೂರಾ ಕೆಂಪಗೆ, ಮಖಮಲ್ಲಿನ ಹಾಗೆ ಇರುವ ತೇಪೆ ಎಲ್ಲಕ್ಕಿಂತ ಕೆಟ್ಟದ್ದು. 1975ರಲ್ಲಿ ಅಮೆರಿಕದಲ್ಲಿ ಶೇಫರ್ ಮತ್ತು ವಾಲ್ಡ್ರನ್ ಅನ್ನುವ ಇಬ್ಬರು ಇಂಥ ಕೆಂಪು ತೇಪೆಗಳ ಬಯಾಪ್ಸಿ, ಅಂದರೆ ಸಣ್ಣ ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರ, ಲೆಕ್ಕ ಹಾಕಿದರು. ಹತ್ತರಲ್ಲಿ ಒಂಬತ್ತು ಒಂದೋ ಕ್ಯಾನ್ಸರ್ ಆಗಿದ್ದವು, ಇಲ್ಲಾ ಅದರ ಹೊಸ್ತಿಲಲ್ಲಿದ್ದವು. ವಿಚಿತ್ರ ಅಂದರೆ ಜನ ಹೆದರುವುದು ಬಿಳಿಗೆ. ಕೆಂಪು ಕಂಡರೆ 'ಎಲೆ ಅಡಿಕೆ ಬಣ್ಣ' ಅಂದುಕೊಂಡು ಸುಮ್ಮನಾಗುತ್ತಾರೆ.

ಈಗ ಕವಳಕ್ಕೆ ಬರುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ಮಾತು ಎತ್ತಿದರೆ ಜಗಳವೇ ಆಗುತ್ತದೆ. ನಾನೂ ಅಡಿಕೆಯ ದುಡ್ಡಿನಲ್ಲೇ ಓದಿದವನು. ನೆಂಟರು ಬಂದರೆ ಆಸರಿಗೆ (ಕುಡಿಯಲು ಕೊಡುವುದು) ಆದ ಮೇಲೆ ಕವಳದ ಹರಿವಾಣ ಮುಂದೆ ಇಡದ ಮನೆ ನಮ್ಮ ಊರಿನಲ್ಲಿ ಇಲ್ಲ. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲೇ ತಂಬಾಕು ಹಾಕಿದ ಕವಳ ಕ್ಯಾನ್ಸರ್ ತರುತ್ತದೆ ಅಂತ ಹೇಳಿತ್ತು. 2004ರ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಹಾಗಂತ ಕವಳ ಹಾಕಿದವರಿಗೆಲ್ಲ ಬರುತ್ತದೆ ಅಂತಲ್ಲ. ನಮ್ಮಜ್ಜ ಎಂಬತ್ತೆಂಟು ವರ್ಷದವರೆಗೆ ಹಾಕಿಕೊಂಡೇ ಹೋದರು. ಆದರೆ ಒಬ್ಬ ಅಜ್ಜನನ್ನು ತೋರಿಸಿ ವಾದ ಗೆಲ್ಲಲು ಆಗುವುದಿಲ್ಲ.

ಅಡಿಕೆಯದ್ದೇ ಒಂದು ಖಾಸಾ ಕಾಯಿಲೆ ಇದೆ. ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರುವ ಅರೆಕೋಲಿನ್ ಬಾಯಿಯ ಚರ್ಮದ ಅಡಿಯಲ್ಲಿ ನಾರು ಜಾಸ್ತಿ ಹುಟ್ಟುವ ಹಾಗೆ ಮಾಡುತ್ತದೆ, ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರನ್ನು ಇನ್ನೂ ಬಿಗಿಯಾಗಿ ಹೆಣೆಯುತ್ತದೆ. ಮೆತ್ತಗೆ ರಬ್ಬರಿನ ಹಾಗಿದ್ದ ಕೆನ್ನೆ ನಿಧಾನಕ್ಕೆ ಚಕ್ಕಳವಾಗುತ್ತದೆ. ಮೊದಲ ಸೂಚನೆ ಉರಿ. ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಒಂದು ಗುಟುಕು ಕುಡಿದರೂ ಬಾಯಿ ಹೊತ್ತಿದ ಹಾಗಾಗುತ್ತದೆ, ಮನೆಯವರೆಲ್ಲ ಲೋಟಗಟ್ಟಲೆ ಕುಡಿಯುತ್ತಿರುತ್ತಾರೆ, ಇವರೊಬ್ಬರು 'ಮೆಣಸು ಜಾಸ್ತಿ ಆಯ್ತು' ಅನ್ನುತ್ತಾರೆ. ಆಮೇಲೆ ಕೆನ್ನೆ ಬಿಳಿಚಿ ಅಮೃತಶಿಲೆಯ ಬಣ್ಣಕ್ಕೆ ಬರುತ್ತದೆ, ಒಳಗೆ ಬೆರಳಾಡಿಸಿದರೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ಸೀಟಿ ಹೊಡೆಯಲು ಆಗುವುದಿಲ್ಲ, ಒಲೆ ಊದಲು ಆಗುವುದಿಲ್ಲ, ಕೆನ್ನೆ ಉಬ್ಬಿಸಲು ಆಗುವುದಿಲ್ಲ. ಕೊನೆಗೆ ಬಾಯಿಯೇ ತೆರೆಯುವುದಿಲ್ಲ.

ಇದರ ಟೆಸ್ಟ್‌ಗೆ ಒಂದು ಪೈಸೆ ಬೇಡ. ನಿಮ್ಮದೇ ಮೂರು ಬೆರಳು ಜೋಡಿಸಿ ಉದ್ದಕ್ಕೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ. ಹೋಗಬೇಕು. ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಎರಡೇ ಬೆರಳು ಹೋದರೆ ತೋರಿಸಿ. ಒಂದೇ ಹೋದರೆ ಇವತ್ತೇ ತೋರಿಸಿ. ಈ ನಾರು ಒಮ್ಮೆ ಹುಟ್ಟಿದರೆ ಪೂರಾ ಕರಗುವುದಿಲ್ಲ, ಅಡಿಕೆ ಬಿಟ್ಟರೆ ಮುಂದೆ ಹೋಗುವುದು ನಿಲ್ಲಬಹುದು ಅಷ್ಟೇ. ಕೇರಳದ ಎರ್ನಾಕುಲಂ ಕಡೆ ಇಂಥ ರೋಗಿಗಳನ್ನು 17 ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನವೊಂದರಲ್ಲಿ, ಅವರಲ್ಲಿ ಶೇಕಡಾ 7.6 ಮಂದಿಗೆ ಕ್ಯಾನ್ಸರ್ ಆಗಿತ್ತು. ಮೊದಲೆಲ್ಲ ಇದು ವಯಸ್ಸಾದವರಲ್ಲಿ ಕಾಣುತ್ತಿತ್ತು, ಗುಟ್ಕಾ ಸ್ಯಾಶೆ ಬಂದ ಮೇಲೆ ಕಾಲೇಜು ಹುಡುಗರಲ್ಲೂ ಕಾಣುತ್ತಿದೆ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಆದದ್ದೇನು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೊರಟ ಹುಡುಗ ಎರಡನ್ನೂ ಅಂಗೈಯಲ್ಲಿ ಸುರಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ, ನಿದ್ದೆ ಬಾರದಿರಲಿ ಅಂತ. ಕಾನೂನು ಪಾಲನೆ ಆಯಿತಲ್ಲ.

ಸುಮ್ನೆ ಟಾರ್ಚು ಹಾಕಿ ನೋಡಿದರೆ ನಿಜವಾಗಿ ಪ್ರಯೋಜನ ಇದೆಯಾ ಅಂತ ಅನುಮಾನ ಬರಬಹುದು. ನನಗೂ ಬಂದಿತ್ತು. ಇದನ್ನು ಜಗತ್ತಿನಲ್ಲಿ ಸರಿಯಾಗಿ ಪರೀಕ್ಷೆ ಮಾಡಿದ್ದು ನಮ್ಮ ಪಕ್ಕದ ಕೇರಳದಲ್ಲಿ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಊರುಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು, ಡಾಕ್ಟರುಗಳಲ್ಲ, ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ಮೂರು ವರ್ಷಕ್ಕೊಮ್ಮೆ. ಇನ್ನೊಂದು ಗುಂಪಿನಲ್ಲಿ ಎಂದಿನಂತೆ ಬಿಟ್ಟರು. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34 ಕಡಿಮೆ ಆಗಿತ್ತು. ಯಾವ ಅಭ್ಯಾಸವೂ ಇಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಎಲ್ಲರ ಬಾಯಿಯನ್ನೂ ಹುಡುಕಬೇಕಾಗಿಲ್ಲ, ಕವಳ, ಗುಟ್ಕಾ, ಬೀಡಿ ಇರುವವರ ಬಾಯಿ ನೋಡಿದರೆ ಸಾಕು. 2020ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು 3.77 ಲಕ್ಷ ಹೊಸ ಬಾಯಿ ಕ್ಯಾನ್ಸರ್, ಅದರಲ್ಲಿ ಸುಮಾರು 1.36 ಲಕ್ಷ ನಮ್ಮಲ್ಲೇ. ಮೂರನೇ ಒಂದು ಪಾಲಿಗಿಂತ ಜಾಸ್ತಿ.

ಕಣ್ಣು, ಬೆರಳು ಅನುಮಾನ ಹುಟ್ಟಿಸುತ್ತವೆ. ಉತ್ತರ ಕೊಡುವುದು ಬಯಾಪ್ಸಿ ಮಾತ್ರ. ಇಲ್ಲೇ ನಮ್ಮ ಜನ ಹಿಂದೆ ಸರಿಯುವುದು. 'ಕತ್ತಿ ತಾಗಿಸಿದರೆ ಹಬ್ಬುತ್ತದೆ' ಅನ್ನುವ ಮಾತು ನಮ್ಮ ಮನೆಯಲ್ಲಿ ಎಷ್ಟು ಜನ ಹೇಳಿದರೋ ಲೆಕ್ಕ ಇಲ್ಲ. ಬಯಾಪ್ಸಿಯಿಂದ ಬಾಯಿ ಕ್ಯಾನ್ಸರ್ ಹಬ್ಬುವುದಿಲ್ಲ. ಹೀಗೆ ಅನ್ನಿಸಲು ಕಾರಣ ಇದೆ: ತಡ ಮಾಡಿ, ಎಲ್ಲ ಮದ್ದೂ ಮುಗಿದ ಮೇಲೆ ಬಯಾಪ್ಸಿಗೆ ಹೋಗುತ್ತಾರೆ. ಅಷ್ಟರಲ್ಲಿ ಅದು ಹಬ್ಬಿಯೇ ಇರುತ್ತದೆ. ದೂರು ಮಾತ್ರ ಕತ್ತಿಯ ಮೇಲೆ.

ಮಾಡುವುದು ಇಷ್ಟೇ. ಹಲ್ಲು ಕೀಳುವಾಗ ಕೊಡುವಂಥದ್ದೇ ಇಂಜೆಕ್ಷನ್ ಕೊಟ್ಟು, ಬಟಾಣಿ ಕಾಳಿನಷ್ಟು ತುಂಡು ತೆಗೆಯುತ್ತಾರೆ. ಎಲ್ಲಿಂದ ತೆಗೆಯುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಹುಣ್ಣಿನ ನಡುಭಾಗ ಸತ್ತ ಮಾಂಸ, ಅಲ್ಲಿಂದ ತೆಗೆದರೆ ಏನೂ ತಿಳಿಯುವುದಿಲ್ಲ. ಅಂಚಿನಿಂದ, ಸಾಕಷ್ಟು ಆಳಕ್ಕೆ ತೆಗೆಯಬೇಕು. ತುಂಡನ್ನು ಕೊಳೆಯದ ಹಾಗೆ ಫಾರ್ಮಲಿನ್ ಇರುವ ಡಬ್ಬಿಗೆ ಹಾಕುತ್ತಾರೆ, ಆಮೇಲೆ ಲ್ಯಾಬಿನಲ್ಲಿ ಮೇಣದೊಳಗೆ ಕೂರಿಸಿ, ಕೂದಲೆಳೆಗಿಂತ ಎಷ್ಟೋ ತೆಳುವಾಗಿ ಹೆರೆದು, ನೇರಳೆ ಮತ್ತು ಗುಲಾಬಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಮೂಳೆಯ ತುಂಡಾದರೆ ಮೊದಲು ಅದರ ಸುಣ್ಣದ ಅಂಶ ತೆಗೆದು ಮೆತ್ತಗೆ ಮಾಡಬೇಕು, ಹಾಗಾಗಿ ಇನ್ನೂ ತಡ.

ರಿಪೋರ್ಟಿನಲ್ಲಿ ಬರುವ ಪದಗಳಿಗೆ ನಾನು ಒಂದು ಹೋಲಿಕೆ ಇಟ್ಟುಕೊಂಡಿದ್ದೇನೆ. ಬಾಯಿಯ ಮೇಲ್ಪದರದ ಅಡಿಯಲ್ಲಿ ಒಂದು ತೆಳು ಗಡಿ ಇರುತ್ತದೆ, ತೋಟಕ್ಕೆ ಹಾಕಿದ ಬೇಲಿ ಅಂದುಕೊಳ್ಳಿ. 'ಡಿಸ್‌ಪ್ಲೇಸಿಯಾ' ಅಂದರೆ ಬೇಲಿಯೊಳಗಿನ ಗಿಡಗಳು ಸಾಲು ತಪ್ಪಿ, ಆಕಾರ ತಪ್ಪಿ ಬೆಳೆಯುತ್ತಿವೆ. ಅದು ಸ್ವಲ್ಪವಾ, ಮಧ್ಯಮವಾ, ಜಾಸ್ತಿಯಾ ಅಂತ ಬರೆದಿರುತ್ತಾರೆ. ಬೇಲಿ ದಾಟಿದರೆ ಅದು ಕ್ಯಾನ್ಸರ್. ಬಾಯಿಯಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸಲ ಅದರ ಹೆಸರು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ರಿಪೋರ್ಟ್ 'ಏನಿಲ್ಲ' ಅಂತ ಬಂದು, ಹುಣ್ಣು ಮಾತ್ರ ಹಾಗೇ ಇದ್ದರೆ, ಮತ್ತೆ ಬಯಾಪ್ಸಿ ಮಾಡಿಸಬೇಕು. ತುಂಡು ತಪ್ಪು ಜಾಗದಿಂದ ಬಂದಿರಬಹುದು. ಹುಣ್ಣು ಮತ್ತು ಕಾಗದ ಬೇರೆ ಬೇರೆ ಮಾತಾಡಿದರೆ ಹುಣ್ಣನ್ನು ನಂಬಬೇಕು.

ಬಯಾಪ್ಸಿ ಬೇಡ, ನೀಲಿ ಬಣ್ಣ ಹಚ್ಚಿ ಹೇಳುತ್ತೇವೆ, ವಿಶೇಷ ಲೈಟಿನಲ್ಲಿ ಹೇಳುತ್ತೇವೆ ಅನ್ನುವವರೂ ಇದ್ದಾರೆ. ಟೊಲುಯಿಡಿನ್ ಬ್ಲೂ ಅನ್ನುವ ಆ ಬಣ್ಣ ಚುರುಕಾಗಿ ಬೆಳೆಯುವ ಜೀವಕೋಶಕ್ಕೆ ಹಿಡಿಯುತ್ತದೆ, ಆದರೆ ಮಾಮೂಲಿ ಗಾಯಕ್ಕೂ ಹಿಡಿಯುತ್ತದೆ. ಎಲ್ಲಿಂದ ತುಂಡು ತೆಗೆಯಬೇಕು ಅಂತ ಡಾಕ್ಟರಿಗೆ ದಾರಿ ತೋರಿಸಲು ಚಲೋ. ತೀರ್ಪು ಕೊಡಲು ಅಲ್ಲ.

ಇಷ್ಟು ಹೊತ್ತು ಕಣ್ಣಿಗೆ ಕಾಣುವುದರ ಮಾತಾಯಿತು. ದವಡೆ ಹಾಗಲ್ಲ, ಅದರ ಕಾಯಿಲೆ ಮೂಳೆಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಅಲ್ಲಿ ಎಕ್ಸ್‌ರೇ ಬೇಕೇ ಬೇಕು. ರಾಂಟ್ಜೆನ್ ಅನ್ನುವ ವಿಜ್ಞಾನಿ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡೇ ತಿಂಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ಒಟ್ಟೊ ವಾಲ್ಕಾಫ್ ಅನ್ನುವ ದಂತವೈದ್ಯ ಬಾಯಿಯೊಳಗೆ ಗಾಜಿನ ಫೋಟೋ ಪ್ಲೇಟು ಇಟ್ಟುಕೊಂಡು 25 ನಿಮಿಷ ಅಲ್ಲಾಡದೆ ಇದ್ದು ತನ್ನದೇ ಹಲ್ಲಿನ ಚಿತ್ರ ತೆಗೆಸಿಕೊಂಡ. ಈಗ ಸೆಕೆಂಡಿಗಿಂತ ಕಡಿಮೆ ಸಾಕು. ಸಣ್ಣ ಎಕ್ಸ್‌ರೇಯಲ್ಲಿ ಎರಡು ಮೂರು ಹಲ್ಲು ಬೇರಿನ ತುದಿಯವರೆಗೆ ಕಾಣುತ್ತವೆ. ಓಪಿಜಿ ಅಂದರೆ ಮಷೀನು ತಲೆಯ ಸುತ್ತ ತಿರುಗಿ ಎರಡೂ ದವಡೆಯನ್ನು ಒಂದೇ ಹಾಳೆಯಲ್ಲಿ, ಕುದುರೆ ಲಾಳ ಬಿಚ್ಚಿ ಹಾಸಿದ ಹಾಗೆ, ತೋರಿಸುವುದು. ಅದರ ವಿಕಿರಣ ನಿಸರ್ಗದಿಂದ ಕೆಲವೇ ದಿನಗಳಲ್ಲಿ ನಮಗೆ ಬರುವಷ್ಟು, ಹೆದರುವಂಥದ್ದಲ್ಲ. ಸಿಬಿಸಿಟಿ ಅನ್ನುವುದು ಅದೇ ದವಡೆಯನ್ನು ಮೂರು ದಿಕ್ಕಿನಿಂದ ಹೋಳು ಮಾಡಿ ತೋರಿಸುತ್ತದೆ, ಆದರೆ ಮೂಳೆ ಮಾತ್ರ. ಮಾಂಸ ನೋಡಲು ಅದು ಪ್ರಯೋಜನಕ್ಕಿಲ್ಲ.

ಎಕ್ಸ್‌ರೇಗೂ ಒಂದು ಕುರುಡು ಇದೆ. ಮೂಳೆಯ ಸುಣ್ಣದ ಅಂಶ ಶೇಕಡಾ 30ರಿಂದ 50 ಕರಗುವವರೆಗೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ನಿನ್ನೆ ಶುರುವಾದ ಕೀವು ಇವತ್ತಿನ ಎಕ್ಸ್‌ರೇಯಲ್ಲಿ ಇರುವುದಿಲ್ಲ, ಹಲ್ಲು ಜೀವ ತೆಗೆಯುತ್ತಿದ್ದರೂ 'ನಾರ್ಮಲ್' ಅಂತ ಬರಬಹುದು. ಆಗ ಹಳೆಯ ಉಪಾಯಗಳೇ ಗತಿ. ಉಪಕರಣದ ಹಿಡಿಕೆಯಿಂದ ಹಲ್ಲಿನ ಮೇಲೆ ತಟ್ಟಿ ನೋಡುವುದು. ಐಸ್ ಇಟ್ಟು ನೋಡುವುದು: ಜುಂ ಎಂದು ಬೇಗ ಹೋದರೆ ಒಳಗಿನ ನರ ಚೆನ್ನಾಗಿದೆ, ತುಂಬಾ ಹೊತ್ತು ನೋವು ನಿಂತರೆ ನರ ಊದಿಕೊಂಡಿದೆ, ಏನೂ ಗೊತ್ತಾಗದಿದ್ದರೆ ಸತ್ತಿರಬಹುದು.

ದವಡೆಯೊಳಗೆ ಎಕ್ಸ್‌ರೇಯಲ್ಲಿ ಕಪ್ಪು ಗುಳ್ಳೆ ಕಂಡರೆ ಅದು ಎಲ್ಲಿದೆ ಅಂತ ಮೊದಲು ನೋಡುತ್ತಾರೆ. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಗುಂಡಗಿದ್ದರೆ ಬಹಳ ಸಲ ಕೀವಿನ ಗಂಟು ಅಥವಾ ಅದರಿಂದಾದ ಸಿಸ್ಟ್, ಅಂದರೆ ನೀರು ತುಂಬಿದ ಚೀಲ. ಹೊರಗೆ ಬಾರದೆ ಮೂಳೆಯೊಳಗೆ ಮಲಗಿದ ಹಲ್ಲಿನ ತಲೆಯ ಸುತ್ತ ಇದ್ದರೆ ಇನ್ನೊಂದು ಬಗೆಯ ಸಿಸ್ಟ್. ಕೆಳದವಡೆಯ ಹಿಂಭಾಗದಲ್ಲಿ ಸೋಪಿನ ನೊರೆಯ ಹಾಗೆ ಗುಳ್ಳೆ ಗುಳ್ಳೆಯಾಗಿ, ಮೂಳೆ ಉಬ್ಬಿಸಿಕೊಂಡು ಇದ್ದರೆ ಅಮೆಲೋಬ್ಲಾಸ್ಟೋಮಾ ಅನ್ನುವ ಗಡ್ಡೆಯ ಅನುಮಾನ. ಅದು ಕ್ಯಾನ್ಸರಿನ ಹಾಗೆ ದೂರ ಹಬ್ಬುವುದು ತೀರಾ ಅಪರೂಪ, ಆದರೆ ಪೂರ್ತಿ ತೆಗೆಯದಿದ್ದರೆ ಮತ್ತೆ ಮತ್ತೆ ಬರುತ್ತದೆ. ನೋವು ಇರುವುದಿಲ್ಲ, ಮುಖ ಒಂದು ಬದಿ ಊದಿದಾಗಲೇ ಗೊತ್ತಾಗುವುದು. ಇಂಥದ್ದನ್ನು ತೆರೆಯುವ ಮೊದಲು ಸೂಜಿ ಚುಚ್ಚಿ ಎಳೆದು ನೋಡುತ್ತಾರೆ. ಹುಲ್ಲಿನ ಬಣ್ಣದ ನೀರು ಬಂದರೆ ಸಿಸ್ಟ್, ಗಿಣ್ಣಿನಂಥ ಬಿಳಿ ಮುದ್ದೆ ಬಂದರೆ ಕೆರಟೋಸಿಸ್ಟ್ ಅನ್ನುವ ಹಠಮಾರಿ ಬಗೆ, ಏನೂ ಬರದಿದ್ದರೆ ಗಟ್ಟಿ ಗಡ್ಡೆ. ಹಸಿ ರಕ್ತ ರಭಸದಿಂದ ಬಂದರೆ ಅಲ್ಲಿಗೇ ಕೈ ನಿಲ್ಲಿಸಬೇಕು, ಅದು ರಕ್ತನಾಳದ ಗಂಟು, ತಿಳಿಯದೆ ಹಲ್ಲು ಕಿತ್ತರೂ ಪ್ರಾಣಕ್ಕೆ ಅಪಾಯ.

ನೋವೂ ಸುಳ್ಳು ಹೇಳುತ್ತದೆ. ಮುಖ ತೊಳೆಯುವಾಗ, ಗಾಳಿ ತಾಗಿದಾಗ ಕರೆಂಟ್ ಹೊಡೆದ ಹಾಗೆ ಒಂದೇ ಬದಿಗೆ ಬಂದು ಸೆಕೆಂಡಿನಲ್ಲಿ ಹೋಗುವ ನೋವು ಹಲ್ಲಿನದಲ್ಲ, ಮುಖದ ನರದ್ದು. ಇದು ತಿಳಿಯದೆ ಒಂದಾದ ಮೇಲೊಂದು ಒಳ್ಳೆ ಹಲ್ಲು ಕೀಳಿಸಿಕೊಂಡವರಿದ್ದಾರೆ. ಮೇಲಿನ ಸಾಲಿನ ಹಲ್ಲೆಲ್ಲ ಒಟ್ಟಿಗೆ ನೋಯುತ್ತಾ, ಬಗ್ಗಿದರೆ ಜಾಸ್ತಿಯಾದರೆ ಸೈನಸ್ ನೋಡಿಸಿ. ಊಟಕ್ಕೆ ಕೂತಾಗ ದವಡೆಯ ಕೆಳಗೆ ಊದಿ, ಊಟ ಆದ ಮೇಲೆ ಇಳಿದರೆ ಜೊಲ್ಲಿನ ಗ್ರಂಥಿಯಲ್ಲಿ ಕಲ್ಲು ಇರಬಹುದು. ಏರು ಹತ್ತುವಾಗ ಕೆಳದವಡೆ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ ಅಂದರೆ ಹಲ್ಲಿನ ಡಾಕ್ಟರ್ ಅಲ್ಲ, ಹೃದಯ ನೋಡುವ ಇಸಿಜಿ ಬೇಕು. ಇದಕ್ಕೆ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ.

ಎರಡು ವಾರ ಕಾಯಬಾರದ್ದು ಇನ್ನೂ ಇವೆ. ಹಲ್ಲು ಕೀಳಿಸಿಲ್ಲ, ಪೆಟ್ಟೂ ಬಿದ್ದಿಲ್ಲ, ಆದರೂ ಕೆಳತುಟಿ, ಗದ್ದದ ಒಂದು ಬದಿ ಮರಗಟ್ಟಿದೆ ಅಂದರೆ ದವಡೆಯೊಳಗೆ ಹೋಗುವ ನರವನ್ನು ಏನೋ ಒತ್ತುತ್ತಿದೆ. 2021ರಲ್ಲಿ ಕೋವಿಡ್ ಆದ ಸಕ್ಕರೆ ಕಾಯಿಲೆಯವರಲ್ಲಿ ಮೇಲಿನ ಹಲ್ಲು ಒಮ್ಮೆಗೇ ಸಡಿಲವಾಗಿ ಅಂಗುಳ ಕಪ್ಪಾದದ್ದು ನೆನಪಿದೆಯಲ್ಲ, ಕಪ್ಪು ಫಂಗಸ್, ಅದು ದಿನಗಳ ಲೆಕ್ಕದಲ್ಲಿ ಏರುವ ಕಾಯಿಲೆ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಝೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ತಗೊಂಡವರು, ಮುಖಕ್ಕೆ ರೇಡಿಯೇಷನ್ ಆದವರು ಹಲ್ಲು ಕೀಳಿಸುವ ಮೊದಲು ಅದನ್ನು ಹೇಳಲೇಬೇಕು. ಇಲ್ಲದಿದ್ದರೆ ಗುಳಿ ಮುಚ್ಚದೆ ಮೂಳೆಯೇ ಹೊರಗೆ ಕಾಣಬಹುದು.

ಅಪ್ಪಚ್ಚಿಗೆ ಬಯಾಪ್ಸಿ ಆದ ಮೇಲೆ ಸಿಟಿ, ಎಂಆರ್‌ಐ ಎರಡೂ ಬರೆದಾಗ ದುಡ್ಡಿಗಾಗಿ ಅಂತ ನಾನು ಗೊಣಗಿದ್ದೆ. ಆದರೆ ಪ್ರಶ್ನೆ ಬೇರೆ ಬೇರೆ. ದವಡೆಯ ಮೂಳೆ ಎಷ್ಟು ತಿಂದಿದೆ ಅನ್ನುವುದಕ್ಕೆ ಸಿಟಿ. ಮೆತ್ತನೆ ಮಾಂಸದೊಳಗೆ, ನರದ ಗುಂಟ ಎಷ್ಟು ದೂರ ಹೋಗಿದೆ ಅನ್ನುವುದಕ್ಕೆ ಎಂಆರ್‌ಐ. ಕುತ್ತಿಗೆಯಲ್ಲಿ ಸಿಕ್ಕ ಗಂಟಿಗೆ ಸಣ್ಣ ಸೂಜಿ ಚುಚ್ಚಿ ಜೀವಕೋಶ ಎಳೆದು ನೋಡಿದ್ದು, ಅಲ್ಲಿಗೆ ಹಬ್ಬಿದೆಯಾ ಅಂತ ತಿಳಿಯಲು. ಈಗ ಬಾಯಿ ಕ್ಯಾನ್ಸರಿನಲ್ಲಿ ಅಗಲದ ಜೊತೆ ಆಳವನ್ನೂ ಲೆಕ್ಕ ಹಾಕುತ್ತಾರೆ. ಎರಡು ಸೆಂಟಿಮೀಟರಿನೊಳಗೆ ಇದ್ದು ಆಳ ಐದು ಮಿಲಿಮೀಟರ್ ಮೀರದಿದ್ದರೆ ಗಡ್ಡೆ ಮೊದಲ ದರ್ಜೆಯದ್ದು. ಮೂಳೆಯ ಹೊರಪದರ ಕೊರೆದು ಒಳಗೆ ಹೋದರೆ, ಗಡ್ಡೆ ಎಷ್ಟೇ ಸಣ್ಣದಿರಲಿ, ನೇರ ನಾಲ್ಕನೇ ಹಂತ. ಅಪ್ಪಚ್ಚಿಯದು ಹಾಗೇ ಆಯಿತು. ದವಡೆಯ ಒಂದು ಭಾಗ ತೆಗೆದರು. ಈಗ ಗಂಜಿ, ಮೆತ್ತನೆ ಅನ್ನ ಊಟ ಮಾಡುತ್ತಾರೆ, ತೋಟಕ್ಕೆ ಹೋಗುತ್ತಾರೆ, ಫೋನಿನಲ್ಲಿ ಅಡಿಕೆ ರೇಟು ಕೇಳುತ್ತಾರೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇಷ್ಟೆಲ್ಲ ಒಂದೇ ಕಡೆ ಆಗುವುದು ಕಷ್ಟ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ಆದರೂ ದೊಡ್ಡ ಚಿಕಿತ್ಸೆ ಅಂದರೆ ಘಟ್ಟದ ಮೇಲಿನವರು ಹುಬ್ಬಳ್ಳಿ, ಧಾರವಾಡಕ್ಕೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ ಹೋಗುವುದು ರೂಢಿ. ಒಂದು ಕಡೆ ಬಯಾಪ್ಸಿ, ಇನ್ನೊಂದು ಕಡೆ ಆಪರೇಷನ್ ಆಗುತ್ತದೆ. ಅದಕ್ಕೇ ಒಂದು ವಿಷಯ ತಿಳಿದಿರಲಿ: ಬಯಾಪ್ಸಿ ತುಂಡು ಕೂರಿಸಿದ ಆ ಮೇಣದ ಬ್ಲಾಕನ್ನು ಲ್ಯಾಬಿನವರು ಇಟ್ಟುಕೊಂಡಿರುತ್ತಾರೆ. ಕಾಗದ ಬರೆದು ಕೇಳಿದರೆ ಬ್ಲಾಕನ್ನೂ ಗಾಜಿನ ಸ್ಲೈಡನ್ನೂ ಕೊಡುತ್ತಾರೆ. ಬೇರೆ ಆಸ್ಪತ್ರೆಯವರು ಅದರಿಂದಲೇ ಹೊಸದಾಗಿ ಹೆರೆದು ನೋಡಬಹುದು, ಎಷ್ಟೋ ಸಲ ಮತ್ತೆ ಬಾಯಿಗೆ ಕತ್ತಿ ತಾಗಿಸುವ ಕೆಲಸ ಉಳಿಯುತ್ತದೆ. ತಗೊಂಡು ಹೋಗುವಾಗ ಸ್ಲೈಡು ಒಡೆಯದ ಹಾಗೆ ಹತ್ತಿಯಲ್ಲಿ ಸುತ್ತಿ, ಬ್ಲಾಕಿನ ಮೇಲೆ ಇರುವ ನಂಬರ್ ರಿಪೋರ್ಟಿನ ನಂಬರಿಗೆ ತಾಳೆ ಆಗುತ್ತದಾ ನೋಡಿಕೊಳ್ಳಿ. ಸೀಟು ಸಿಗದೆ ಡ್ರೈವರ್ ಪಕ್ಕ ಕೂತರೆ ಪೊಟ್ಟಣವನ್ನು ಬಸ್ಸಿನ ಬಾನೆಟ್ ಮೇಲೆ ಮಾತ್ರ ಇಡಬೇಡಿ. ಮೇಣ ಅದು, ಕರಗುತ್ತದೆ.